ಪ್ಯಾಕಿಂಗಿಗೆ ಪೇಸ್ಟ್: ಎಲ್ಲಿ ಬೇಕು, ಎಲ್ಲಿ ಬೇಡ

ಎಂಜಿನ್ ಬಿಚ್ಚಿ ಮತ್ತೆ ಜೋಡಿಸುವಾಗ ಹೊಸ ಪ್ಯಾಕಿಂಗಿನ (ಗ್ಯಾಸ್ಕೆಟ್) ಎರಡೂ ಮೈಗೆ ಸಿಲಿಕಾನ್ ಪೇಸ್ಟ್ ಬಳಿಯುವುದು ನಮ್ಮ ಎಷ್ಟೋ ಗ್ಯಾರೇಜುಗಳಲ್ಲಿ ಬೇರೂರಿದ ಪದ್ಧತಿ. ಟ್ಯಾಪೆಟ್ ಕವರ್ ಆಗಲಿ, ಆಯಿಲ್ ಸಂಪ್ ಆಗಲಿ, ವಾಟರ್ ಪಂಪ್ ಆಗಲಿ, ಟ್ಯೂಬು ಕೈಗೆ ಬಂದೇ ಬರುತ್ತದೆ. ಲೀಕ್ ಎಂದು ಗಿರಾಕಿ ವಾಪಸ್ ಬಂದರೆ ಮತ್ತೆ ಬಿಚ್ಚುವ ಕೂಲಿ ಮೆಕ್ಯಾನಿಕ್ಕಿನ ತಲೆಗೇ ಬೀಳುತ್ತದೆ. ಹಾಗಾಗಿ ‘ಸೇಫ್ಟಿಗೆ ಇರಲಿ’ ಎನ್ನುವ ಅವರ ಮಾತು ಅರ್ಥವಾಗುವಂಥದ್ದೇ. ಆದರೂ ಇಂದಿನ ಎಂಜಿನ್‌ಗಳ ಮಟ್ಟಿಗೆ ಈ ಅಭ್ಯಾಸ ಕಾಪಾಡುವುದಕ್ಕಿಂತ ಕೆಡಿಸುವುದೇ ಹೆಚ್ಚು.

ಅದು ಹುಟ್ಟಿದ ಕಾಲದಲ್ಲಿ ತಪ್ಪಾಗಿರಲಿಲ್ಲ. ಹಳೆಯ ಎಂಜಿನ್‌ಗಳ ಹೆಡ್ ಪ್ಯಾಕಿಂಗ್ ಎಂದರೆ ತಾಮ್ರದ ತಗಡುಗಳ ನಡುವೆ ಆಸ್ಬೆಸ್ಟಾಸ್; ಉಳಿದ ಕಡೆ ಕಾರ್ಕ್ ಅಥವಾ ಬರಿಯ ಕಾಗದ. ಕಾರ್ಕ್ ಒಣಗಿ ಕುಗ್ಗುತ್ತಿತ್ತು, ಎರಕದ ಮೈ ಒರಟಾಗಿರುತ್ತಿತ್ತು. ಆ ತಗ್ಗುಗಳನ್ನು ತುಂಬಲು ಅರಗಿನಿಂದ ಮಾಡಿದ ಶೆಲ್ಯಾಕ್ ಬೇಕೇ ಬೇಕಿತ್ತು. ಷೆವರ್ಲೆಯ ಹಳೆಯ ವಿ8 ಎಂಜಿನ್‌ಗಳಲ್ಲಿದ್ದ ಒಂದೇ ಪದರದ ಉಕ್ಕಿನ ಹೆಡ್ ಪ್ಯಾಕಿಂಗಿಗೂ ಸೀಲಂಟ್ ಲೇಪಿಸಿಯೇ ಕೂರಿಸುತ್ತಿದ್ದರು. ವಿಮಾನದ ಎಂಜಿನ್ ತಯಾರಿಸುವ ರೋಲ್ಸ್ ರಾಯ್ಸ್ ಕೂಡ ಇಂಥ ಪೇಸ್ಟನ್ನು ಹಗುರವಾಗಿ ಕಾಣಲಿಲ್ಲ. ಒಣಗಿ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುವ ನೀಲಿ ಬಣ್ಣದ ಹೈಲೋಮಾರ್ ರೂಪುಗೊಂಡದ್ದು ಆ ಕಂಪನಿಯ ಸಹಯೋಗದಲ್ಲೇ.

ಈಗ ಪ್ಯಾಕಿಂಗೇ ಬದಲಾಗಿದೆ. ಇತ್ತೀಚಿನ ಬಹುತೇಕ ಕಾರುಗಳ ಹೆಡ್ ಪ್ಯಾಕಿಂಗ್ ಸ್ಪ್ರಿಂಗಿನಂತೆ ಪುಟಿಯುವ ಉಕ್ಕಿನ ಹಲವು ತೆಳು ಹಾಳೆಗಳಿಂದ ಆಗಿರುತ್ತದೆ. ಸಿಲಿಂಡರಿನ ಸುತ್ತ ಒತ್ತಿ ಎಬ್ಬಿಸಿದ ಉಬ್ಬು ಇರುತ್ತದೆ. ಹೊರಮೈಗೆ ಕೂದಲಿಗಿಂತ ತೆಳುವಾದ ರಬ್ಬರ್ ಲೇಪ ಕಾರ್ಖಾನೆಯಲ್ಲೇ ಬಂದಿರುತ್ತದೆ. ಬೋಲ್ಟ್ ಬಿಗಿದಾಗ ಆ ಉಬ್ಬು ಲೆಕ್ಕ ಹಾಕಿಟ್ಟಷ್ಟೇ ಒತ್ತಿಕೊಂಡು ಸೀಲ್ ಆಗುತ್ತದೆ. ನಡುವೆ ಸಿಲಿಕಾನ್ ಹೊಕ್ಕರೆ ಆ ಲೆಕ್ಕ ತಪ್ಪುತ್ತದೆ. ಹೊತ್ತಿ ಉರಿಯುವ ಅನಿಲದ ತಾಪಕ್ಕೆ ಪೇಸ್ಟ್ ತಾಳುವುದೂ ಇಲ್ಲ. ತಯಾರಕರು ಹೇಳದ ಹೊರತು ಈ ಪ್ಯಾಕಿಂಗನ್ನು ಪೇಸ್ಟಿಲ್ಲದೆಯೇ ಕೂರಿಸಬೇಕು.

ಟ್ಯಾಪೆಟ್ ಕವರಿನ ರಬ್ಬರ್ ಪ್ಯಾಕಿಂಗಿನ ಕಥೆ ಇನ್ನೂ ಸರಳ. ಹಸಿ ಸಿಲಿಕಾನ್ ಜಾರುತ್ತದೆ. ಬೋಲ್ಟ್ ಬಿಗಿಯುತ್ತಿದ್ದಂತೆ ರಬ್ಬರ್ ತನ್ನ ತೋಡಿನಿಂದ ಹೊರಕ್ಕೆ ಸರಿಯುತ್ತದೆ. ಲೀಕ್ ತಡೆಯಲು ಹಚ್ಚಿದ್ದೇ ಲೀಕಿಗೆ ದಾರಿ ಮಾಡಿಕೊಡುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಇರುವುದು ಹೊರಗೆ ಕಾಣುವ ಲೀಕಿನಲ್ಲಲ್ಲ. ಸಂಪ್ ಬಿಗಿದಾಗ ಹೊರಗೆ ಎಷ್ಟು ಪೇಸ್ಟ್ ಉಕ್ಕುತ್ತದೋ ಹೆಚ್ಚುಕಡಿಮೆ ಅಷ್ಟೇ ಒಳಕ್ಕೂ ಉಕ್ಕುತ್ತದೆ. ಹೊರಗಿನದನ್ನು ಬಟ್ಟೆಯಲ್ಲಿ ಒರೆಸಬಹುದು, ಒಳಗಿನದು ಅಲ್ಲೇ ಗಟ್ಟಿಯಾಗುತ್ತದೆ. ಬಿಸಿ ಆಯಿಲಿನಲ್ಲಿ ನೆನೆದು ಚೂರುಚೂರಾಗಿ ಕಳಚಿ ಆಯಿಲ್ ಪಂಪಿನ ಸ್ಟ್ರೈನರ್ ಜಾಲರಿಗೆ ಅಂಟಿಕೊಳ್ಳುತ್ತದೆ. ಜಾಲರಿ ಕಟ್ಟಿದರೆ ಆಯಿಲ್ ಪ್ರೆಶರ್ ಬೀಳುತ್ತದೆ, ಬೇರಿಂಗ್ ಒಣಗುತ್ತದೆ, ಕ್ರ್ಯಾಂಕ್ ಹಾಳಾಗುತ್ತದೆ. ಅಷ್ಟು ಹೊತ್ತಿಗೆ ಸಂಪ್ ಬಿಚ್ಚಿ ತಿಂಗಳುಗಳೇ ಕಳೆದಿರಬಹುದು. ಇದಕ್ಕೂ ಆ ಪೇಸ್ಟಿಗೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯುವುದಿಲ್ಲ. ಒಂದು ಹನಿ ಆಯಿಲ್ ನೆಲಕ್ಕೆ ಬಿದ್ದರೆ ಗಲಾಟೆ ಮಾಡುವ ಗಿರಾಕಿಗೆ ಈ ಮೌನ ನಷ್ಟ ತಿಳಿದೇ ಇರುವುದಿಲ್ಲ ಎಂಬುದು ಬೇಸರದ ಸಂಗತಿ. ಈ ದೃಷ್ಟಿಯಿಂದ ಅನೇರೋಬಿಕ್ ಸೀಲಂಟ್ ಮೇಲು. ಅದು ಗಾಳಿ ಸಿಗದ ಕಡೆ, ಎರಡು ಲೋಹದ ಮೈಗಳ ನಡುವೆ ಮಾತ್ರ ಗಟ್ಟಿಯಾಗುತ್ತದೆ. ಒಳಕ್ಕೆ ಉಕ್ಕಿದ್ದು ದ್ರವವಾಗಿಯೇ ಉಳಿದು ಆಯಿಲಿನಲ್ಲಿ ಬೆರೆತುಹೋಗುತ್ತದೆ. ಆದರೆ ತಗಡಿನ ಸಂಪಿನಂಥ ಬಾಗುವ ಜಾಗಕ್ಕೆ ಅದು ಹೊಂದುವುದಿಲ್ಲ, ಗಟ್ಟಿಮುಟ್ಟಾದ ಎರಕದ ಮೈಗಳು ಬೇಕು.

ಹಾಗೆಂದು ‘ಪೇಸ್ಟ್ ಮುಟ್ಟಲೇಬಾರದು’ ಎನ್ನುವ ಹಟವೂ ಸಲ್ಲದು. ಸುಬಾರು ಕಾರಿನ ಮಲಗಿದ ಎಂಜಿನ್ನಿನ ಬ್ಲಾಕ್ ಎರಡು ಹೋಳಾಗಿದ್ದು, ಅವೆರಡರ ನಡುವೆ ಪ್ಯಾಕಿಂಗ್ ಇಲ್ಲ. ಕಾರ್ಖಾನೆಯಲ್ಲೇ ದ್ರವ ಸೀಲಂಟ್ ಎಳೆದು ಕೂಡಿಸುತ್ತಾರೆ. ಹಲವು ಬೈಕುಗಳ ಕ್ರ್ಯಾಂಕ್‌ಕೇಸ್ ಕೂಡ ಹಾಗೆಯೇ. ಹೆಡ್, ಬ್ಲಾಕ್, ಟೈಮಿಂಗ್ ಕವರ್ ಮೂರೂ ಸೇರುವ ಮೂಲೆಯಲ್ಲಿ, ಟ್ಯಾಪೆಟ್ ಕವರಿನ ಅರ್ಧಚಂದ್ರಾಕಾರದ ಅಂಚಿನಲ್ಲಿ ಒಂದೊಂದು ಬೊಟ್ಟು ಸಿಲಿಕಾನ್ ಇಡಿ ಎಂದು ಎಷ್ಟೋ ಮ್ಯಾನ್ಯುಯಲ್‌ಗಳೇ ಹೇಳುತ್ತವೆ. ಷೆವರ್ಲೆ ಸ್ಮಾಲ್ ಬ್ಲಾಕಿನ ಹೆಡ್ ಬೋಲ್ಟುಗಳು ನೀರಿನ ದಾರಿಯೊಳಕ್ಕೇ ಇಳಿಯುವುದರಿಂದ ಅವುಗಳ ಥ್ರೆಡ್ಡಿಗೆ ಸೀಲಂಟ್ ಹಚ್ಚದಿದ್ದರೆ ಕೂಲಂಟ್ ಮೇಲೇರಿ ಬರುತ್ತದೆ.

ಪ್ಯಾಕಿಂಗ್ ಕಿತ್ತುಹಾಕಿ ಬರೀ ಪೇಸ್ಟಿನಲ್ಲಿ ಕೆಲಸ ಮುಗಿಸುವುದು ಇದಕ್ಕೆ ತದ್ವಿರುದ್ಧವಾದ ತಪ್ಪು. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಯಂಥ ಟೂ ಸ್ಟ್ರೋಕ್ ಬೈಕುಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಬೋರಿನ ಕೆಳಗಿನ ಕಾಗದದ ಪ್ಯಾಕಿಂಗ್ ಸೀಲ್ ಮಾಡುವುದಷ್ಟೇ ಅಲ್ಲ, ಬೋರಿನ ಎತ್ತರವನ್ನೂ ಅಳೆದಿಟ್ಟಿರುತ್ತದೆ. ಅದನ್ನು ತೆಗೆದರೆ ಬೋರು ಕೆಳಗಿಳಿದು ಪೋರ್ಟ್ ತೆರೆಯುವ ಹೊತ್ತು ಬದಲಾಗುತ್ತದೆ, ಪಿಸ್ಟನ್ನಿನ ತಲೆಗೂ ಹೆಡ್ಡಿಗೂ ನಡುವಿನ ಅಂತರ ಕಿರಿದಾಗುತ್ತದೆ. ಅಲ್ಲಿ ಗಾಳಿ ಎಳೆದುಕೊಂಡರಂತೂ ಪೆಟ್ರೋಲಿನ ಪಾಲು ಕಡಿಮೆಯಾಗಿ, ಎಂಜಿನ್ ಕಾದು, ಪಿಸ್ಟನ್ ಸೀಜ್ ಆಗುತ್ತದೆ.

ಲೀಕಿನ ಮೂಲ ಬಹಳ ಸಲ ಸರಿಯಾಗಿ ಸಿದ್ಧವಾಗದ ಮೈಯಲ್ಲೇ ಇರುತ್ತದೆ. ಹಳೆಯ ಪ್ಯಾಕಿಂಗಿನ ಚೂರು, ಗೀರು, ಕಾದು ಡೊಂಕಾದ ಹೆಡ್ ಇವುಗಳನ್ನು ಪೇಸ್ಟ್ ಕೆಲವು ದಿನ ಮುಚ್ಚಿಡುತ್ತದೆ, ಅಷ್ಟೆ. ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿ, ಮ್ಯಾನ್ಯುಯಲ್ ಹೇಳಿದ ಮಿತಿಗಿಂತ ಹೆಚ್ಚು ಸಂದಿದ್ದರೆ ಹೆಡ್ಡನ್ನು ಫೇಸಿಂಗಿಗೆ ಕಳಿಸಬೇಕು. ಒರೆಸುವುದರಲ್ಲೂ ಎಚ್ಚರ ಬೇಕು: ಉಜ್ಜುವ ಡಿಸ್ಕಿನಿಂದ ಉದುರುವ ಅಲ್ಯೂಮಿನಿಯಂ ಆಕ್ಸೈಡ್ ಪುಡಿ ಆಯಿಲಿಗೆ ಸೇರಿ ಬೇರಿಂಗ್ ತಿನ್ನುತ್ತದೆಂದು ಜನರಲ್ ಮೋಟಾರ್ಸ್ ತನ್ನ ಸರ್ವಿಸ್ ವಿಭಾಗಕ್ಕೆ ಸೂಚನೆ ಹೊರಡಿಸಿತ್ತು. ಪ್ಲಾಸ್ಟಿಕ್ ಸ್ಕ್ರೇಪರ್, ಸಾಲ್ವೆಂಟ್, ತಾಳ್ಮೆ ಇದ್ದರೆ ಸಾಕು. ಪೇಸ್ಟ್ ನಿಜಕ್ಕೂ ಬೇಕಾದ ಕಡೆ ಸಣ್ಣ ಎಳೆಯಷ್ಟು ಹಚ್ಚಿ, ಅದು ಪೂರ್ತಿ ಗಟ್ಟಿಯಾಗಲು ಬೇಕಾದ ಸುಮಾರು 24 ಗಂಟೆ ಕಾಯಬೇಕು. ಸಂಜೆಯೊಳಗೆ ಗಾಡಿ ಕೊಡಿ ಎಂದು ಒತ್ತಾಯಿಸುವ ಗಿರಾಕಿ ಆ ಒಂದು ರಾತ್ರಿಯನ್ನು ಗ್ಯಾರೇಜಿಗೆ ಬಿಟ್ಟುಕೊಡಬೇಕು.