ಕರೆ, ಕಱೆ: ಒಂದು ಧಾತುವಿಚಾರ

ಕೋಲಾರದ ಚಿನ್ನದ ಗಣಿಗಳ ಪ್ರದೇಶವೂ, ಅಲ್ಲಿಗೆ ಹೋಗುವ ರೈಲುದಾರಿ ಕವಲೊಡೆಯುವ ಬಂಗಾರಪೇಟೆಯೂ ಭಾಷಾವಿಚಾರಕ್ಕೆ ಅನುಕೂಲವಾದ ಕ್ಷೇತ್ರಗಳು. ಸುತ್ತಣ ಹಳ್ಳಿಗಳಲ್ಲಿ ಕನ್ನಡವೂ ತೆಲುಗೂ ಬಹುಕಾಲದಿಂದ ಬೆರೆತಿವೆ. 1880ರಿಂದೀಚೆಗೆ ಗಣಿಗಳು ಬೆಳೆದಂತೆ ಕೂಲಿಗಾಗಿ ಬಂದ ಕುಟುಂಬಗಳೊಡನೆ ತಮಿಳೂ ನೆಲೆಗೊಂಡಿತು. 2001ರ ಫೆಬ್ರವರಿಯಲ್ಲಿ ಗಣಿಗಳು ಮುಚ್ಚಿದರೂ ಈ ಸಂಗಮವು ಅಳಿದಿಲ್ಲ. ದೂರದಲ್ಲಿರುವವನನ್ನು ಬಳಿಗೆ ಬರಹೇಳುವುದಕ್ಕೆ ಕನ್ನಡಿಗನು 'ಕರೆ' ಎಂದೂ, ತೆಲುಗನು 'ಪಿಲುಚು' ಎಂದೂ, ತಮಿಳನು 'ಅೞೈ' ಎಂದೂ ಬೇರೆ ಬೇರೆ ಧಾತುಗಳನ್ನು ಪ್ರಯೋಗಿಸುವರು. ಇವುಗಳಲ್ಲಿ ಕನ್ನಡದ ಧಾತುವಿನ ಅರ್ಥಮೂಲಗಳ ವಿಷಯದಲ್ಲಿ ಭ್ರಾಂತಿಗೆ ಅವಕಾಶವಿರುವುದರಿಂದ ಅದರ ವಿಮರ್ಶೆ ಆವಶ್ಯಕವಾಗಿದೆ.

'ನೆಂಟರನ್ನು ಕರೆದಳು', 'ಹಾಲು ಕರೆದಳು', 'ಮೋಡವು ಮಳೆಗರೆಯಿತು' ಎಂಬ ಮೂರು ಪ್ರಯೋಗಗಳಲ್ಲಿಯೂ ಇಂದು ಧಾತುವಿನ ರೂಪ ಒಂದೇ. 'ಹಸುವನ್ನು ಕರೆದಳು' ಎಂದರೆ ಕೂಗಿದಳೋ ಹಾಲು ಹಿಂಡಿದಳೋ ಎಂಬುದನ್ನು ಸಂದರ್ಭವೇ ಹೇಳಬೇಕು. ಜೀವನದಿಯಿಲ್ಲದೆ ಕೆರೆಗಳನ್ನೇ ನಂಬಿದ ಕೋಲಾರದ ಸೀಮೆಯಲ್ಲಿ 'ಮಳೆಗರೆ' ಎಂಬುದಕ್ಕೆ ಮಳೆಯನ್ನು ಮೊರೆಯಿಟ್ಟು ಕರೆಯುವುದೇ ಮೂಲಾರ್ಥವೆಂದು ಕಲ್ಪಿಸುವುದು ಮನೋಹರವಾಗಿ ತೋರಬಹುದು. ದೇವತೆಯನ್ನು ಕರೆದರೆ ಅನುಗ್ರಹವು ಸುರಿಯುವುದು, ಆದುದರಿಂದ ಎರಡರ್ಥಗಳೂ ಒಂದೇ ಧಾತುವಿನವು ಎಂದು ವಾದಿಸಲೂಬಹುದು. ಆದರೆ ಈ ವಾದವು ನಿಲ್ಲುವಂತಹದಲ್ಲ.

ಮೊದಲನೆಯದು ಅಕ್ಷರದ ಸಾಕ್ಷ್ಯ. ಹಳಗನ್ನಡದಲ್ಲಿ ಕೂಗುವ ಅರ್ಥದ 'ಕರೆ'ಗೆ ಸಾಮಾನ್ಯ ರೇಫ. ಹಾಲು ಹಿಂಡುವ, ಸುರಿಸುವ ಅರ್ಥದ 'ಕಱೆ'ಗೆ ಶಕಟರೇಫ. 13ನೆಯ ಶತಮಾನದಲ್ಲಿ ಕೇಶಿರಾಜನು ದೇಶೀಯವೆಂದು ಎಣಿಸಿದ ಐದು ಅಕ್ಷರಗಳಲ್ಲಿ ಈ ಱಕಾರವೂ ಒಂದು. ಕಾಲಕ್ರಮದಲ್ಲಿ ಅದು ರಕಾರದಲ್ಲಿ ಲೀನವಾದುದರಿಂದಲೇ ಎರಡು ಧಾತುಗಳು ಒಂದರಂತೆ ಕಾಣುತ್ತಿವೆ. 1894ರ ಕಿಟ್ಟೆಲರ ನಿಘಂಟು ಇವನ್ನು ಬೇರೆ ಪದಗಳಾಗಿಯೇ ಕೊಟ್ಟಿದೆ. 1961ರಲ್ಲಿ ಹೊರಬಂದ ಬರೋ ಮತ್ತು ಎಮನೋ ಅವರ ದ್ರಾವಿಡ ನಿಘಂಟಿನದೂ ಇದೇ ಮತ.

ಎರಡನೆಯ ಸಾಕ್ಷಿಯು ಗಣಿಯ ಸಾಲುಮನೆಗಳ ತಮಿಳಿನಲ್ಲಿಯೇ ಇದೆ. ಹಾಲು ಹಿಂಡುವುದಕ್ಕೆ ಆ ಭಾಷೆಯಲ್ಲಿ 'ಕಱ' ಎಂಬ ಧಾತುವಿದ್ದು, ಬರೆವಣಿಗೆಯಲ್ಲಿ ಇಂದಿಗೂ ಱಕಾರವನ್ನು ಉಳಿಸಿಕೊಂಡಿದೆ. ದನಿಗೈ, ಕೂಗು, ಅಳು ಎಂಬರ್ಥಗಳ 'ಕರೈ' ಎಂಬುದು ಬೇರೆ, ಅದಕ್ಕೆ ರಕಾರ. ಕಾಗೆಯು ತನ್ನ ಬಳಗವನ್ನು ಕೂಗಿ ಉಣ್ಣುವ ಸಂಗತಿಯನ್ನು ಹೇಳುವಾಗ ತಿರುಕ್ಕುಱಳು ಬಳಸಿರುವುದು ಈ 'ಕರೈ' ಧಾತುವನ್ನೇ. ಅದೇ ಕಾಗೆಯ ದೃಷ್ಟಾಂತವನ್ನು ಕೊಡುವ ಬಸವಣ್ಣನವರ ವಚನದಲ್ಲಿರುವುದು 'ಕರೆ'. ಆದುದರಿಂದ ಕರೆಯ ಮೂಲಾರ್ಥವು ದನಿ. ಆಮಂತ್ರಣ, ಪ್ರಾರ್ಥನೆಗಳು ಆ ಮೇಲೆ ಬೆಳೆದ ಅರ್ಥಗಳು.

ಮೂರನೆಯದು ವಾಕ್ಯರಚನೆ. ಮಳೆಗರೆಯುವುದಕ್ಕೆ ಕರ್ತೃವು ಮೋಡವೇ ಹೊರತು ಮೊರೆಯಿಡುವ ಮನುಷ್ಯನಲ್ಲ. ವೀರನು ಬಾಣಗಳ ಮಳೆಗರೆಯುವಾಗ ಬಾಣಗಳು ಅವನಿಂದ ಹೊರಡುವುವೇ ಹೊರತು ಅವನ ಬಳಿಗೆ ಬರುವುದಿಲ್ಲ. 'ಕಣ್ಣೀರ್ಗರೆ' ಎಂಬಲ್ಲಿಯೂ ಹಾಗೆಯೇ. ಕರೆಯುವವನು ಹೊರಗಿನದನ್ನು ತನ್ನೆಡೆಗೆ ಬಯಸುವನು. ಕಱೆಯುವುದು ತನ್ನೊಳಗಿನದನ್ನು ಹೊರಕ್ಕೆ ಬಿಡುವುದು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಮಕ್ಕಳು ಮಳೆರಾಯನನ್ನು ಹೊತ್ತು ಬೇಡುವಾಗಲೂ ಅವನಿಗೆ ಹೇಳುವುದು 'ಹುಯ್ಯಿ' ಎಂದೇ.

ಸಂಸ್ಕೃತ ಪದಗಳಲ್ಲಿಯೂ ಇಂತಹ ವಿವೇಕ ಬೇಕು. ಆಹ್ವಾನವು ಕೂಗುವ ಅರ್ಥದ 'ಹ್ವೇ' ಧಾತುವಿನಿಂದಲೂ, ಆವಾಹನವು ಹೊತ್ತು ತರುವ ಅರ್ಥದ 'ವಹ್' ಧಾತುವಿನಿಂದಲೂ ಬಂದವು. ಮೊದಲನೆಯದಕ್ಕೆ 'ಕರೆ' ಎಂಬುದೂ ಎರಡನೆಯದಕ್ಕೆ 'ಬರಮಾಡಿಕೊಳ್ಳು' ಎಂಬುದೂ ಸರಿಯಾದ ಕನ್ನಡ. ಕಲಶದಲ್ಲಿ ದೇವತೆಯನ್ನು ಆವಾಹಿಸುವುದೆಂದರೆ ಕೇವಲ ಕೂಗುವುದಲ್ಲ, ಅಲ್ಲಿಗೆ ತಂದು ನೆಲೆಗೊಳಿಸುವುದು.

ಧ್ವನಿಸಾಮ್ಯವನ್ನು ನಂಬಿದರೆ ಆಗುವ ಅಪಾಯಕ್ಕೆ ಬಂಗಾರಪೇಟೆಯೇ ನಿದರ್ಶನ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲ್ಯೂಯಿನ್ ಬೌರಿಂಗನ ಹೆಸರಿನಿಂದ ಆ ಊರಿಗೆ ಬೌರಿಂಗ್‌ಪೇಟೆ ಎಂಬ ಹೆಸರಿದ್ದಿತು. ಆ ದಾಖಲೆಯಿಲ್ಲದಿದ್ದರೆ, ಗಣಿಗಳು ಹತ್ತಿರವಿರುವುದರಿಂದ, ಹೆಸರು ಮೊದಲಿನಿಂದಲೂ ಬಂಗಾರದಿಂದಲೇ ಬಂದುದೆಂಬುದಕ್ಕೆ ಯಾರೂ ಎದುರುಹೇಳುತ್ತಿರಲಿಲ್ಲ. ಪದಗಳಿಗೆ ಅಂತಹ ದಾಖಲೆಯಾಗಿರುವುದು ಅವುಗಳ ಹಳೆಯ ಅಕ್ಷರ. ಓದುವವರಿಗೆ ಸುಲಭವಾಗಲೆಂದು ಹಳಗನ್ನಡ ಕಾವ್ಯಶಾಸನಗಳ ಱಕಾರವನ್ನು ರಕಾರವಾಗಿ ಮಾರ್ಪಡಿಸಿ ಅಚ್ಚುಮಾಡಿದರೆ ಆ ದಾಖಲೆಯೇ ನಾಶವಾಗುವುದು. ಸಂಪಾದಕರು ಮೂಲಾಕ್ಷರವನ್ನು ಉಳಿಸಿ, ಬೇಕಾದರೆ ಅಡಿಯಲ್ಲಿ ಇಂದಿನ ರೂಪವನ್ನು ಕೊಡುವುದು ಯುಕ್ತ.