ಹಗ್ಗ ಹಿಡಿದವರು ಯಾರು?

ಲಾಂಗ್ ವೀಕೆಂಡ್ ಹತ್ತಿರ ಬಂತೆಂದರೆ ನಮ್ಮ ಆಫೀಸಿನಲ್ಲಿ ಯಾರಾದರೊಬ್ಬರು ‘ಜಿಂದಗಿ ನಾ ಮಿಲೇಗಿ ದೋಬಾರಾ’ ಮಾತು ಎತ್ತೇ ಎತ್ತುತ್ತಾರೆ. ಜೋಯಾ ಅಖ್ತರ್ ನಿರ್ದೇಶನದ ಈ ಸಿನಿಮಾ ಬಂದದ್ದು 2011ರ ಜುಲೈನಲ್ಲಿ. ಮೂವರು ಗೆಳೆಯರು ಸ್ಪೇನಿಗೆ ಹೋಗ್ತಾರೆ. ಒಬ್ಬೊಬ್ಬರು ಒಂದೊಂದು ಸಾಹಸ ಆರಿಸ್ತಾರೆ, ಅದನ್ನು ಮೂವರೂ ಮಾಡಲೇಬೇಕು: ಸಮುದ್ರದಾಳಕ್ಕೆ ಇಳಿಯುವುದು, ವಿಮಾನದಿಂದ ಜಿಗಿಯುವುದು, ಪಾಂಪ್ಲೋನಾದ ಬೀದಿಯಲ್ಲಿ ಗೂಳಿಗಳ ಮುಂದೆ ಓಡುವುದು. ಬೇಸಿಗೆಯಲ್ಲೂ ಎ.ಸಿ. ರೂಮಲ್ಲಿ ಜರ್ಕಿನ್ ಹಾಕ್ಕೊಂಡು ಕೂರುವ ನಮ್ಮಂಥವರಿಗೆ ‘ನಾವೂ ಮಾಡಬಹುದು’ ಅನ್ನಿಸಿದ್ದು ಈ ಸಿನಿಮಾದಿಂದಲೇ.

ಇತ್ತೀಚೆಗೆ ಮತ್ತೊಮ್ಮೆ ನೋಡಿದೆ. ನಾವು ನೆನಪಿಟ್ಟುಕೊಂಡದ್ದಕ್ಕಿಂತ ಸಿನಿಮಾ ಒಳ್ಳೇದಿದೆ. ಹೃತಿಕ್ ರೋಷನ್ ಮಾಡಿದ ಅರ್ಜುನ್‌ಗೆ ನೀರೆಂದರೆ ಭಯ. ಅವನು ನೀರಿಗಿಳಿಯುವುದು ಧೈರ್ಯದಿಂದಲ್ಲ, ಪಕ್ಕದಲ್ಲಿ ಲೈಲಾ ಇದ್ದಾಳೆ ಅಂತ. ಲೈಲಾ ನಾಯಕಿ ನಿಜ, ಆದರೆ ಅದಕ್ಕೂ ಮೊದಲು ಅವಳು ಡೈವಿಂಗ್ ಕಲಿಸುವವಳು. ನಾವು ಬಕೆಟ್ ಲಿಸ್ಟ್ ಬರೆದುಕೊಂಡಾಗ ಸಮುದ್ರವನ್ನು ಬರೆದುಕೊಂಡೆವು, ಕಲಿಸುವವರನ್ನು ಬಿಟ್ಟೆವು.

ನಾನೂ ಬಿಟ್ಟವನೇ. ಟೀಮಿನ ಜೊತೆ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿದ್ದೆ. ದಡದಿಂದ ಸುಮಾರು 19 ಕಿ.ಮೀ. ದೂರದ ದ್ವೀಪ, ಬೋಟಲ್ಲೇ ಅರ್ಧ ಜನ ವಾಂತಿ. ಈಜು ಬರದವರನ್ನೂ ಅಲ್ಲಿ ನೀರಿಗಿಳಿಸುತ್ತಾರೆ. ಹೇಗೆ ಅಂದ್ರೆ, ಒಬ್ಬೊಬ್ಬರ ಬೆನ್ನಿನ ಸಿಲಿಂಡರನ್ನು ಒಬ್ಬೊಬ್ಬ ಇನ್‌ಸ್ಟ್ರಕ್ಟರ್ ಹಿಡಿದುಕೊಂಡೇ ಇರುತ್ತಾರೆ. ನಮಗೆ ಹೇಳಿಕೊಟ್ಟದ್ದು ಮುಖ್ಯವಾಗಿ ಒಂದೇ ಮಾತು: ಉಸಿರು ಕಟ್ಟಬೇಡಿ. ಸಿನಿಮಾ ಇದರ ಕಾರಣ ಬಿಡಿಸಿ ಹೇಳುವುದಿಲ್ಲ, ಹೇಳಿದ್ದರೆ ನಮಗೆ ಉಪಕಾರವಾಗುತ್ತಿತ್ತು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎಳೆದುಕೊಂಡ ಒಂದು ಲೀಟರ್ ಗಾಳಿ ನೀರಿನ ಮೇಲೆ ಬರುವಷ್ಟರಲ್ಲಿ ಎರಡು ಲೀಟರ್ ಆಗುತ್ತದೆ. ಗಾಬರಿಯಲ್ಲಿ ಬಾಯಿ ಮುಚ್ಚಿಕೊಂಡು ಮೇಲಕ್ಕೆ ಚಿಮ್ಮಿದರೆ ಶ್ವಾಸಕೋಶವೇ ಹರಿಯಬಹುದು. ಅದನ್ನು ತಡೆಯುವುದು ಬೆನ್ನ ಹಿಂದಿನ ಆ ಕೈ. ವಾಟ್ಸಾಪ್ ಡಿಪಿಗೆ ಹಾಕುವಾಗ ಆ ಕೈಯನ್ನು ನಾನು ಕ್ರಾಪ್ ಮಾಡಿದ್ದೆ.

ನಾಚಿಕೆಯಾಗಬೇಕಿತ್ತು. ಯಾಕಂದ್ರೆ ನಾನು ಈಜು ಕಲಿತದ್ದು ದೇವನೂರಿನ ಬಾವಿಯಲ್ಲಿ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು. ಬುರುಡೆಯ ಜೊತೆಗೆ ಒಂದು ಹಗ್ಗ, ಹಗ್ಗದ ತುದಿ ಮೆಟ್ಟಿಲ ಮೇಲೆ ಕೂತ ದೊಡ್ಡಪ್ಪನ ಕೈಲಿ. “ಕಾಲ್ ಬಡಿ ಮೊಗ, ನಾ ಇಲ್ವಾ” ಅನ್ನೋರು. ಮೊದಲು ಹಗ್ಗ ಸಡಿಲವಾಯ್ತು, ಆಮೇಲೆ ಬುರುಡೆ ಹೋಯ್ತು. ದೊಡ್ಡಪ್ಪ ಮಾತ್ರ ಆ ಬೇಸಿಗೆ ಪೂರ್ತಿ ಮೆಟ್ಟಿಲು ಬಿಟ್ಟು ಏಳಲಿಲ್ಲ.

ಸಿನಿಮಾ ಎಡವುವುದು ಕೊನೆಯಲ್ಲಿ. ಗೂಳಿ ಓಟವನ್ನೂ ಮೊದಲೆರಡರ ಸಾಲಿಗೇ ಸೇರಿಸಿಬಿಡುತ್ತದೆ, ಅದೇ ಗೆಲುವು, ಅದೇ ಖುಷಿ. ಡೈವಿಂಗಿಗೆ ತರಬೇತಾದವರಿದ್ದಾರೆ, ಸ್ಕೈಡೈವಿಂಗಿಗೂ ಇದ್ದಾರೆ. ಸುಮಾರು 850 ಮೀಟರಿನ ಆ ಬೀದಿಯಲ್ಲಿ ನಿಮ್ಮನ್ನು ಹಿಡಿದುಕೊಂಡು ಓಡುವವರು ಯಾರೂ ಇಲ್ಲ. 1910ರಿಂದ ಈಚೆಗೆ ಅಲ್ಲಿ ಕನಿಷ್ಠ 16 ಜನ ಸತ್ತಿದ್ದಾರೆ. ನಮ್ಮ ಕಡೆ ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುವಾಗಲೂ ಮೈ ಜುಮ್ಮೆನ್ನುತ್ತದೆ (ದನಕ್ಕೆ ಏನನ್ನಿಸುತ್ತದೋ, ಆ ಪ್ರಶ್ನೆ ಬೇರೆ). ಆದರೆ ಅಲ್ಲಿ ಹಗ್ಗ ಹಿಡಿದು ಜೊತೆಗೆ ಓಡುವವನು ಆ ಎತ್ತಿನ ಯಜಮಾನ. ಅದು ಯಾವಾಗ ಬೆದರುತ್ತದೆ ಅಂತ ಅವನಿಗೆ ಗೊತ್ತು. ಅರ್ಜುನ್, ಕಬೀರ್, ಇಮ್ರಾನ್‌ಗೆ ಗೂಳಿಯೂ ಹೊಸತು, ಬೀದಿಯೂ ಹೊಸತು. ಬದುಕಿ ಬಂದದ್ದು ಚಿತ್ರಕತೆಯ ದಯೆ.

ಕನ್ನಡ ಸಿನಿಮಾದಲ್ಲಿ ಆ ದಯೆ ಸಿಗದ ಇಬ್ಬರಿದ್ದರು. 2016ರ ನವೆಂಬರ್ 7, ತಿಪ್ಪಗೊಂಡನಹಳ್ಳಿ ಜಲಾಶಯ, ‘ಮಾಸ್ತಿಗುಡಿ’ಯ ಕ್ಲೈಮ್ಯಾಕ್ಸ್ ಚಿತ್ರೀಕರಣ. ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಹಾರಿದರು. ನಾಯಕ ದುನಿಯಾ ವಿಜಯ್ ಬದುಕಿ ಬಂದರು. ಖಳರ ಪಾತ್ರದ ಅನಿಲ್, ಉದಯ್ ಮುಳುಗಿದರು. ಅವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ತಮಗೆ ಈಜು ಅಷ್ಟಾಗಿ ಬರುವುದಿಲ್ಲ ಅಂತ ಹಾರುವ ಮುಂಚೆ ಟಿವಿ ಮೈಕಿನ ಮುಂದೆ ಹೇಳಿಯೂ ಇದ್ದರು. ಅಂದರೆ ಆ ನೀರಿನ ಮಟ್ಟಿಗೆ ಅವರೂ ಹೊಸಬರೇ, ನೇತ್ರಾಣಿಯ ಬೋಟಿನಲ್ಲಿದ್ದ ನಮ್ಮ ಹಾಗೆ. ದುಡ್ಡು ಕೊಟ್ಟು ಹೋದ ನಮಗೆ ತಲೆಗೊಬ್ಬ ಇನ್‌ಸ್ಟ್ರಕ್ಟರ್. ದುಡಿಮೆಗೆ ಅಂತ ಹೋದ ಅವರಿಗೆ ಒಂದು ಜಾಕೆಟ್ ಕೂಡ ಇಲ್ಲ. ಸಿನಿಮಾ 2017ರಲ್ಲಿ ತೆರೆಗೆ ಬಂತು. ವಿಮರ್ಶೆ ಬರೆಯುವವನು ಹೀಗೆ ಹೇಳಬಾರದು, ಆದರೂ ಹೇಳ್ತೀನಿ: ನಾನು ಅದನ್ನು ನೋಡಿಲ್ಲ.

ಆ ರಾತ್ರಿ ಊರಿಗೆ ಫೋನ್ ಮಾಡಿದ್ದೆ. ದೊಡ್ಡಪ್ಪ ಟಿವಿಯಲ್ಲಿ ಆ ಜಿಗಿತವನ್ನೇ ಮತ್ತೆ ಮತ್ತೆ ನೋಡುತ್ತಾ ಕೂತಿದ್ದರು. ಹೆಲಿಕಾಪ್ಟರ್ ಎಷ್ಟು ಎತ್ತರದಲ್ಲಿತ್ತು ಅಂತ ಅವರು ಕೇಳಲಿಲ್ಲ.

“ಮೊಗ, ಹಗ್ಗ ಯಾರ್ ಹಿಡ್ದಿದ್ರು?” ಅಂದರು.