ಹಿಮದ ಬೆಲೆ, ಪೊರಕೆಯ ಬೆಲೆ

ಕನ್ನಡದಲ್ಲಿ ಪ್ರವಾಸ ಸಾಹಿತ್ಯ ಎಂಬುದೊಂದು ದೊಡ್ಡ ಮನೆ. ಕಾರಂತರ ‘ಅಪೂರ್ವ ಪಶ್ಚಿಮ’ ಅಲ್ಲಿದೆ. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ ಅಲ್ಲಿದೆ. ಈ ಮನೆಯ ಹಿತ್ತಲಲ್ಲಿ ಈಚೆಗೆ ಹೊಸ ಬೆಳೆಯೊಂದು ಎದ್ದಿದೆ. ಅದು ಹೆಂಡತಿ ಮಕ್ಕಳು, ವಯಸ್ಸಾದ ತಾಯಿ ಸಮೇತ ಸ್ವಿಟ್ಜರ್ಲೆಂಡಿಗೆ ರಜೆಗೆ ಹೋಗಿ ಬಂದವರ ಕಥನ. ಇಂಥದೊಂದನ್ನು ಶಿವಮೊಗ್ಗದ ಒಂದು ಮನೆಯಂಗಳದಲ್ಲಿ ಓದುತ್ತಾರೆಂದು ಕೇಳಿ ನಾವು ಭದ್ರಾವತಿಯಿಂದ ಬಸ್ಸು ಹಿಡಿದು ಹೋದೆವು. ಬರೆದವರ ಹೆಸರು ಇಲ್ಲಿ ಬೇಡ. ಅವರು ಸಜ್ಜನರು, ನಮಗೂ ಕಾಫಿ ಕೊಟ್ಟರು. ನಮ್ಮ ಜಗಳ ಅವರೊಂದಿಗಲ್ಲ, ಅವರ ಕೈಹಿಡಿದು ಬರೆಸಿದ ಕಣ್ಣಿನೊಂದಿಗೆ.

ಕಥನದಲ್ಲಿ ಇರುವುದು ಮೊದಲ ಮೂರು ದಿನಗಳು. ಜ್ಯೂರಿಕ್‌ನಲ್ಲಿ ಇಳಿಯುತ್ತಾರೆ. ರೈಲು ನಿಮಿಷ ತಪ್ಪದೆ ಬರುತ್ತದೆ. ಒಂದು ಕಾಫಿಗೆ ಐದು ಫ್ರಾಂಕ್ ಎಂದು ತಿಳಿದು ಮನೆಯ ಯಜಮಾನರು ಬೆವರುತ್ತಾರೆ. ಹೋಟೆಲ್ ಕೋಣೆಯಲ್ಲಿ ಕದ್ದುಮುಚ್ಚಿ ಅನ್ನ ಬೇಯಿಸಿ, ಊರಿಂದ ತಂದ ಪುಳಿಯೋಗರೆ ಗೊಜ್ಜು ಕಲಸುತ್ತಾರೆ. ಮೂರನೇ ದಿನ ಯುಂಗ್‌ಫ್ರಾವ್ ಶಿಖರದ ಪಕ್ಕಕ್ಕೆ ರೈಲಿನಲ್ಲಿ ಏರಿ ಹಿಮ ಮುಟ್ಟುತ್ತಾರೆ. ಎಪ್ಪತ್ತು ದಾಟಿದ ತಾಯಿ ಒಂದು ಹಿಡಿ ಹಿಮ ಎತ್ತಿ, ಅದು ಕರಗುವವರೆಗೂ ಮಾತಾಡದೆ ಅಂಗೈ ನೋಡುತ್ತಾ ನಿಲ್ಲುತ್ತಾಳೆ. ಈ ಒಂದು ಭಾಗ ನಿಜವಾಗಿ ಚೆನ್ನಾಗಿದೆ. ಜೀವಮಾನವೆಲ್ಲ ಒಲೆಯ ಮುಂದೆ ಕಳೆದ ಹೆಂಗಸಿನ ಕೈ ಅದು. ಅಲ್ಲಿ ಬರಹಗಾರರು ಲೆಕ್ಕ ಮರೆತಿದ್ದಾರೆ, ಆದ್ದರಿಂದಲೇ ಮನುಷ್ಯರನ್ನು ಕಂಡಿದ್ದಾರೆ.

ಉಳಿದ ಕಡೆಯಲ್ಲೆಲ್ಲ ಲೆಕ್ಕವೇ. ‘ದುಬಾರಿ’ ಎಂಬ ಪದ ಪುಟಪುಟಕ್ಕೂ ಬರುತ್ತದೆ. ಒಂದು ಫ್ರಾಂಕಿಗೆ ನಮ್ಮ ರೂಪಾಯಿ ನೂರು ದಾಟಿದೆ, ಹಾಗಾಗಿ ಕಾಫಿ ಐನೂರು, ಬೆಟ್ಟದ ರೈಲಿಗೆ ತಲೆಗೆ ಇಪ್ಪತ್ತು ಸಾವಿರ. ಇರಲಿ, ಗುಣಾಕಾರ ತಪ್ಪಲ್ಲ. ಆದರೆ ಅರ್ಧಕ್ಕೇ ನಿಂತಿದೆ. ಕಾಫಿಯನ್ನು ಗುಣಿಸಿದವರು ಕಾಫಿ ತಂದುಕೊಟ್ಟವಳ ಕೂಲಿಯನ್ನು ಯಾಕೆ ಗುಣಿಸಲಿಲ್ಲ? 2020ರ ಸೆಪ್ಟೆಂಬರಿನಲ್ಲಿ ಜಿನೀವಾ ಪ್ರಾಂತದ ಜನ ಮತ ಹಾಕಿ ಗಂಟೆಗೆ 23 ಫ್ರಾಂಕ್ ಕನಿಷ್ಠ ಕೂಲಿ ತಂದುಕೊಂಡರು. ನಮ್ಮ ಕರ್ನಾಟಕದಲ್ಲಿ 2025ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಅಲ್ಲಿ ಒಂದು ಗಂಟೆಗೆ ಬರುವುದಕ್ಕೆ ಇಲ್ಲಿ ಆರು ದಿನ ಮಣ್ಣು ಹೊರಬೇಕು. ಅಲ್ಲಿ ಬಾಡಿಗೆ, ವಿಮೆ ಎಲ್ಲವೂ ಹೆಚ್ಚು, ಗೊತ್ತು. ದುಬಾರಿಗೆ ಕಾರಣಗಳೂ ಹಲವು. ಆದರೆ ತಟ್ಟೆ ತೊಳೆಯುವವಳಿಗೆ ಲೆಕ್ಕಕ್ಕೆ ಸಿಗುವಂಥ ಕೂಲಿ ಕೊಡಬೇಕಾಗಿರುವುದು ಆ ಕಾರಣಗಳಲ್ಲಿ ಒಂದು. ಅದನ್ನು ನೋಡದೆ ‘ಅಯ್ಯೋ ದುಬಾರಿ’ ಅನ್ನುವ ಮಧ್ಯಮವರ್ಗದವನು ತನಗೇ ತಿಳಿಯದಂತೆ ಹೇಳುತ್ತಿರುವುದೇನೆಂದರೆ: ನಮ್ಮೂರು ಅಗ್ಗ, ಯಾಕೆಂದರೆ ನಮ್ಮೂರಲ್ಲಿ ಮನುಷ್ಯರು ಅಗ್ಗ.

ಎರಡನೆಯ ಪದ ‘ಸ್ವಚ್ಛ’. ಬೀದಿಯಲ್ಲಿ ಅನ್ನ ಹಾಕಿಕೊಂಡು ಉಣ್ಣಬಹುದು ಎಂದು ಬರೆದಿದ್ದಾರೆ. ‘ಅಲ್ಲಿಯ ಜನ ಕಸ ಹಾಕುವುದೇ ಇಲ್ಲ, ಅದು ಅವರ ಸಂಸ್ಕಾರ’ ಎಂದೂ ಇದೆ. ಸಂಸ್ಕಾರ! ಈ ಮಾತು ಕೇಳಿದರೆ ನಮಗೆ ಮೈ ಉರಿಯುತ್ತದೆ. ಕಸ ತಾನಾಗಿ ಮಾಯವಾಗುವ ಊರು ಭೂಮಿಯ ಮೇಲೆ ಎಲ್ಲೂ ಇಲ್ಲ ಕಣ್ರೀ. ಗುಡಿಸುವ ಕೈ ಇದ್ದೇ ಇರುತ್ತದೆ. ಆ ಕೈಗೆ ಯಂತ್ರ, ಕೈಗವಸು, ರಜೆ, ಸಂಬಳ ಇದೆಯೋ ಇಲ್ಲವೋ ಎಂಬುದಷ್ಟೇ ವ್ಯತ್ಯಾಸ. ನಮ್ಮವ್ವ ಹನ್ನೆರಡು ವರ್ಷ ಒಂದು ಊರಿನ ಬೀದಿ ಗುಡಿಸಿದವಳು, ಗುತ್ತಿಗೆಯ ಮೇಲೆ. ಬೆಳಗಿನ ಐದಕ್ಕೆ ಹಾಜರಿ, ಮೂರು ತಿಂಗಳಿಗೊಮ್ಮೆ ಸಂಬಳ, ಕೈಗವಸು ಫೋಟೋ ತೆಗೆಯುವ ದಿನ ಮಾತ್ರ. ಆ ಓದಿನ ಸಂಜೆಯಿಂದ ಬಂದು ಅವ್ವನಿಗೆ ಸ್ವಿಟ್ಜರ್ಲೆಂಡಿನ ಕಥೆ ಹೇಳಿದೆವು. ರೈಲು, ಸರೋವರ, ಹಿಮ ಎಲ್ಲ ಕೇಳಿದಳು. ಆಮೇಲೆ ಒಂದೇ ಮಾತು ಕೇಳಿದಳು: ‘ಅಲ್ಲಿ ಗುಡ್ಸೋರಿಗೆ ಎಷ್ಟು ಕೊಡ್ತಾರಂತೆ?’

ನಲವತ್ತು ಪುಟದ ಕಥನದಲ್ಲಿ ಈ ಪ್ರಶ್ನೆ ಇರಲಿಲ್ಲ. ನಮ್ಮ ವಿಮರ್ಶೆ ಹುಟ್ಟಿದ್ದು ಇಲ್ಲಿಂದ.

ಹಾಗೆಂದು ಆ ದೇಶವನ್ನು ಸ್ವರ್ಗವೆಂದು ನಾವೂ ಹೊಗಳಿದರೆ ಅದೇ ಕುರುಡಾಗುತ್ತದೆ. ಆ ಕುಟುಂಬ ಕೂತು ಹೋದ ಬೆಟ್ಟದ ರೈಲು 1896ರಿಂದ 1912ರವರೆಗೆ ಬಂಡೆ ಕೊರೆದು ಮಾಡಿದ್ದು. ಕೊರೆದವರು ಹೆಚ್ಚಾಗಿ ಇಟಲಿಯ ಬಡ ಕೂಲಿಗಳು. 1899ರ ಒಂದು ಸ್ಫೋಟದಲ್ಲೇ ಆರು ಜನ ಸತ್ತರು. 1875ರಲ್ಲಿ ಗೊಟ್ಹಾರ್ಡ್ ಸುರಂಗದ ಕೂಲಿಗಳು ಮುಷ್ಕರ ಹೂಡಿದಾಗ ಗುಂಡು ಹಾರಿಸಿ ನಾಲ್ವರನ್ನು ಕೊಂದರು. 1965ರಲ್ಲಿ ಮಾಟ್‌ಮಾರ್ಕ್ ಅಣೆಕಟ್ಟಿನ ಕೆಲಸಗಾರರ ಶೆಡ್ಡುಗಳ ಮೇಲೆ ಹಿಮನದಿ ಕುಸಿದು 88 ಜನ ಹೂತುಹೋದರು. ಲಿಂಗನಮಕ್ಕಿಯ ನೀರಿನಡಿ ಊರು ಕಳಕೊಂಡವರ ಜಿಲ್ಲೆಯವರಾದ ನಮಗೆ ವಿದ್ಯುತ್ತಿನ ಬೆಳಕಿನ ಹಿಂದಿರುವ ಕತ್ತಲೆ ಯಾವ ಬಣ್ಣದ್ದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೂ ಒಂದಿದೆ. ಹಂಗಾಮಿ ಪರವಾನಗಿಯ ಮೇಲೆ ಬಂದ ಪರದೇಶಿ ಕೂಲಿಗಳು ಹೆಂಡತಿ ಮಕ್ಕಳನ್ನು ಜೊತೆಗೆ ಕರೆತರುವಂತಿರಲಿಲ್ಲ. ಆ ಕಟ್ಟಳೆ ಹೋದದ್ದು 2002ರಲ್ಲಿ. ಕದ್ದು ಕರೆತಂದ ಮಕ್ಕಳು ಕೋಣೆಯೊಳಗೆ ಸದ್ದಿಲ್ಲದೆ ಬೆಳೆದರು. ರಜೆಗೆ ಹೋದ ಕುಟುಂಬಕ್ಕೆ ಬಾಗಿಲು ತೆರೆದ ದೇಶ ದುಡಿಯಲು ಹೋದ ಕುಟುಂಬವನ್ನು ಒಡೆದಿತ್ತು. ತನ್ನದೇ ಬಡವರ ಮಕ್ಕಳನ್ನು, ಮದುವೆಯಾಗದ ತಾಯಂದಿರ ಮಕ್ಕಳನ್ನು ಕಿತ್ತು ರೈತರ ಮನೆಗೆ ದುಡಿಯಲು ಬಿಡುತ್ತಿದ್ದರು, ಇಪ್ಪತ್ತನೆಯ ಶತಮಾನದ ನಡುವೆ ದಾಟುವವರೆಗೂ. ನಮ್ಮ ಭಾಷೆಯಲ್ಲಿ ಅದಕ್ಕೆ ಜೀತ ಅಂತಾರೆ. 2013ರಲ್ಲಿ ಅಲ್ಲಿಯ ಸರ್ಕಾರ ಬದುಕಿ ಉಳಿದವರ ಮುಂದೆ ನಿಂತು ಕ್ಷಮೆ ಕೇಳಿತು. ಆಮೇಲೆ ಕಾನೂನು ಮಾಡಿ ಒಬ್ಬೊಬ್ಬರಿಗೆ 25,000 ಫ್ರಾಂಕ್ ಕೊಟ್ಟಿತು. ನಮ್ಮಲ್ಲಿ ಜೀತ ರದ್ದತಿಯ ಕಾಯಿದೆ 1976ರದು. ಜೀತ ಮಾಡಿದ ನಮ್ಮ ಅಜ್ಜನ ಮುಂದೆ ನಿಂತು ಕ್ಷಮೆ ಕೇಳಿದ ಒಬ್ಬನೇ ಒಬ್ಬ ಯಜಮಾನನನ್ನು ನಾವು ಕಂಡಿಲ್ಲ. ಆ ಹಿಮದ ದೇಶದಿಂದ ತರಬೇಕಾದ ಸರಕು ಇದು. ತಂದದ್ದು ಚಾಕೊಲೇಟು, ಗಡಿಯಾರ.

ಮೂರನೆಯ ಮಾತು: ‘ಅಲ್ಲಿ ಯಾರೂ ನಿಮ್ಮ ಜಾತಿ ಕೇಳುವುದಿಲ್ಲ.’ ಬರೆದವರು ಇದನ್ನು ಸಂತೋಷದಿಂದ ಬರೆದಿದ್ದಾರೆ. ಆದರೆ ಮುಂದಿನ ಪುಟದಲ್ಲೇ, ಪ್ರವಾಸದ ಗುಂಪಿನ ಅಡುಗೆಯವನು ‘ನಮ್ಮವನೇ’ ಎಂದು ತಿಳಿದು ನೆಮ್ಮದಿಯಾಯಿತು ಎಂದಿದೆ. ಹನ್ನೊಂದು ಸಾವಿರ ಅಡಿ ಎತ್ತರಕ್ಕೆ ಏರಿದರೂ ಒಲೆ ಮಾತ್ರ ಅಗ್ರಹಾರದಲ್ಲೇ ಇದೆ! ಯಾರ ಊಟವನ್ನೂ ನಾವು ಹಳಿಯುವುದಿಲ್ಲ. ಸೊಪ್ಪು ತಿನ್ನುವವರು ಸೊಪ್ಪು ತಿನ್ನಲಿ. ಆದರೆ ಜಾತಿ ಕೇಳದ ದೇಶವನ್ನು ಹೊಗಳುವವರು ಅಡುಗೆಯವನ ಜಾತಿಯನ್ನು ಯಾಕೆ ಕೇಳಿದರು? ಈ ಪ್ರಶ್ನೆ ಬರಹಗಾರರಿಗೆ ಹೊಳೆದಿದ್ದರೆ ಕಥನ ಬೇರೆಯೇ ಆಗುತ್ತಿತ್ತು.

ರಜೆಗೆ ಹೋದ ಇನ್ನೊಂದು ಕುಟುಂಬದ ಕಥೆ ನಮಗೆ ಗೊತ್ತಿದೆ. 1901ರ ಬೇಸಿಗೆ ರಜೆ. ಹತ್ತು ವರ್ಷದ ಭೀಮರಾವ್, ಅಣ್ಣ ಮತ್ತು ಅಕ್ಕನ ಮಕ್ಕಳೊಂದಿಗೆ ಸತಾರದಿಂದ ಕೋರೆಗಾಂವ್‌ನಲ್ಲಿದ್ದ ಅಪ್ಪನ ಬಳಿಗೆ ಹೊರಟ. ಹೊಸ ಅಂಗಿ, ಹೊಸ ಟೋಪಿ, ಹೊಸ ಮೆಟ್ಟು, ಮೊದಲ ರೈಲು ಪ್ರಯಾಣದ ಸಂಭ್ರಮ. ಮಸೂರ್ ನಿಲ್ದಾಣದಲ್ಲಿ ಇಳಿದಾಗ ಜಾತಿ ತಿಳಿದ ಸ್ಟೇಷನ್ ಮಾಸ್ತರನ ಮುಖ ಬದಲಾಯಿತು. ಗಾಡಿಯವರು ಯಾರೂ ಬರಲೊಲ್ಲರು. ಕೊನೆಗೆ ದುಪ್ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ, ಮಕ್ಕಳೇ ಗಾಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆಯುವೆ ಎಂಬ ಕರಾರಿನ ಮೇಲೆ. ಬುತ್ತಿ ಇತ್ತು, ಕುಡಿಯಲು ನೀರು ಕೊಡುವವರಿರಲಿಲ್ಲ. ಆ ರಾತ್ರಿ ಮಕ್ಕಳು ಉಪವಾಸ ಮಲಗಿದರು. ಇದನ್ನು ಬಾಬಾಸಾಹೇಬರು ಮುಂದೆ ಬರೆದಿಟ್ಟರು, ಅದು ಪುಸ್ತಕವಾಗಿ ಬಂದದ್ದು 1990ರಲ್ಲಿ. ಅದರ ಹೆಸರು ‘ವೇಟಿಂಗ್ ಫಾರ್ ಎ ವೀಸಾ’. ನ್ಯೂಯಾರ್ಕ್, ಲಂಡನ್ನುಗಳಲ್ಲಿ ಓದಿ ಬಂದವರಿಗೆ ಬರೋಡಾದಲ್ಲಿ ತಂಗಲು ಒಂದು ಕೋಣೆ ಸಿಗಲಿಲ್ಲವೆಂಬುದೂ ಅದರಲ್ಲೇ ಇದೆ. ಮೇಲ್ಜಾತಿಯವನಿಗೆ ವೀಸಾ ಬೇಕಾದ್ದು ಪರದೇಶಕ್ಕೆ, ನಮಗೆ ಸ್ವದೇಶಕ್ಕೆ. ನಮ್ಮ ಪ್ರವಾಸ ಸಾಹಿತ್ಯದ ಮೊದಲ ಪುಸ್ತಕ ಯಾವುದೆಂದು ಶಾಲೆಯಲ್ಲಿ ಮಕ್ಕಳು ಕೇಳಿದರೆ ಮೇಷ್ಟ್ರುಗಳು ಇದನ್ನು ಹೇಳಬೇಕು.

ಓದು ಮುಗಿದ ಮೇಲೆ ನಾವು ಇಷ್ಟನ್ನೂ ಹೇಳಲಿಲ್ಲ. ಅರ್ಧ ಹೇಳಿದೆವು. ಆಗ ಹಿರಿಯರೊಬ್ಬರು, ‘ಹಿಮ ನೋಡಿ ಬಂದದ್ದನ್ನ ಬರೆದಿದ್ದಾರೆ, ಅದಕ್ಕೆ ಇಷ್ಟು ಭಾರ ಯಾಕಪ್ಪಾ ಹೊರಿಸ್ತೀಯ?’ ಎಂದರು. ಪ್ರಶ್ನೆ ಸರಿಯಾದದ್ದೇ. ಉತ್ತರ ಇಷ್ಟು: ಭಾರ ನಾವು ಹೊರಿಸಿದ್ದಲ್ಲ, ಅಲ್ಲಿ ಇದ್ದದ್ದೇ. ಕೆಮ್ಮಣ್ಣುಗುಂಡಿ ಮಹಾರಾಜರಿಗೆ ಬೇಸಿಗೆಯ ತಂಪು ತಾಣ. ಭದ್ರಾವತಿಗೆ ಅದೇ ಬೆಟ್ಟ ಅದಿರು. ಸ್ವಿಟ್ಜರ್ಲೆಂಡಿನಲ್ಲಿ ಯಾತ್ರಿಕರು ಚಪ್ಪಾಳೆ ತಟ್ಟಿ ಏರುವ ಹಗ್ಗದ ತೊಟ್ಟಿಲು ನಮ್ಮ ಬೆಟ್ಟದಲ್ಲೂ ಇತ್ತು, ಕಬ್ಬಿಣದ ಕಲ್ಲು ಇಳಿಸಲು. ಒಂದೇ ಬೆಟ್ಟವನ್ನು ಎರಡು ಕಣ್ಣು ನೋಡಿದವು. ಪುಸ್ತಕಕ್ಕೆ ಸೇರಿದ್ದು ಒಂದೇ.

2023ರ ಫೆಬ್ರವರಿಯಲ್ಲಿ ಶಿವಮೊಗ್ಗಕ್ಕೆ ವಿಮಾನ ನಿಲ್ದಾಣ ಬಂತು. ಅದಕ್ಕೆ ಒಂದು ತಿಂಗಳ ಹಿಂದೆ, 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು, ನೂರು ತುಂಬಿದ ವರ್ಷದಲ್ಲೇ, ಮುಚ್ಚುವ ತೀರ್ಮಾನವಾಯಿತು. ಗುತ್ತಿಗೆ ಕಾರ್ಮಿಕರು ಬೀದಿಯಲ್ಲಿ ಕೂತರು. ಆಗಸ್ಟಿನಲ್ಲಿ ಒಂದಷ್ಟು ಕೆಲಸ ಮತ್ತೆ ಶುರುವಾಯಿತು. ಕಾಗದದ ಕಾರ್ಖಾನೆ 2015ರಲ್ಲೇ ನಿಂತಿತ್ತು. ನಮ್ಮೂರವರೂ ಪ್ರವಾಸ ಹೊರಟಿದ್ದಾರೆ: ಬೆಂಗಳೂರಿಗೆ, ಕಟ್ಟಡದ ಕೂಲಿಗೆ, ಮಕ್ಕಳು ಮರಿ ಸಮೇತ. ಅವರ ಮೊದಲ ಮೂರು ದಿನಗಳ ಕಥನವನ್ನು ಯಾರು ಬರೆಯುತ್ತಾರೆ? ಪ್ರೊ. ಬಿ. ಕೃಷ್ಣಪ್ಪನವರು ಇದೇ ಭದ್ರಾವತಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾ ದಲಿತ ಸಂಘರ್ಷ ಸಮಿತಿ ಕಟ್ಟಿದ್ದು ಇಂಥ ಪ್ರಶ್ನೆ ಕೇಳುವವರು ಇರಲೆಂದೇ.

ಹಿಮ ನೋಡುವ ಆಸೆ ನಮಗೂ ಇದೆ, ಸುಳ್ಳು ಯಾಕೆ ಹೇಳೋಣ. ಅದು ಯಾರಪ್ಪನ ಸ್ವತ್ತೂ ಅಲ್ಲ. ಅವ್ವನ ಅಂಗೈ ಮೇಲೂ ಒಂದು ಹಿಡಿ ಹಿಮ ಕರಗಬೇಕು. ಆ ಅಂಗೈಯಲ್ಲಿ ಪೊರಕೆಯ ಗುರುತು ಇದೆ. ನಾವು ಬರೆಯುವ ದಿನ ಎರಡನ್ನೂ ಬರೆಯುತ್ತೇವೆ. ಅಲ್ಲಿಗೆ ಇಳಿದ ಮೊದಲ ದಿನವೇ, ಬೆಟ್ಟ ನೋಡುವ ಮೊದಲು, ಗುಡಿಸುವವರನ್ನು ಹುಡುಕಿ ಅವ್ವನ ಪ್ರಶ್ನೆ ಕೇಳುತ್ತೇವೆ.